ಎಂಟು ತಿಂಗಳು ಒಂದೂ ಬಾಗಿಲು ತೆರೆಯದವನಿಗೆ ಸನ್ಮಾನ

ನಮ್ಮೂರಿನ ಬಾಗಿಲುಗಳಿಗೆ ಹೊರಗಡೆ ಹಿಡಿಯಿಲ್ಲ, ಚಿಲಕವಿಲ್ಲ, ಬೀಗವಂತೂ ಇಲ್ಲವೇ ಇಲ್ಲ. ಒಳಗೆ ಹೋಗಬೇಕೆಂಬ ಆಸೆಯುಳ್ಳವರು ಎದುರು ಬಂದರೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಆಸೆಯಿಲ್ಲದವರು ತಲೆ ಚಚ್ಚಿಕೊಂಡರೂ ಅಲುಗುವುದಿಲ್ಲ. ಒಳಗಿನಿಂದ ಹೊರಗೆ ಬರುವುದಕ್ಕೆ ಈ ತಾಪತ್ರಯವಿಲ್ಲ, ತಳ್ಳಿದರೆ ಸಾಕು. ಹಾಗಾಗಿ ನಮ್ಮ ಕಚೇರಿಗಳ ಬಾಗಿಲು ತೆರೆಯುವುದು ಹನ್ನೊಂದೂವರೆಗೆ, ಅದೂ ಒಳಗೆ ಕ್ಯಾಂಟೀನಿನವನು ಬೋಂಡಾ ಕರಿಯಲು ಶುರುಮಾಡಿದ ಮೇಲೆ. ಶಾಲೆಯ ವಿಷಯ ಕೇಳಲೇಬೇಡಿ, ಅಲ್ಲಿ ಮಕ್ಕಳಿಗಿಂತ ಹೆಚ್ಚು ಹೊತ್ತು ಮೇಷ್ಟ್ರುಗಳೇ ಹೊರಗೆ ನಿಂತಿರುತ್ತಾರೆ. ಬೀಗರ ಮನೆಗೆ ಹೋದವರು "ಎಷ್ಟ್ ದಿನದಿಂದ ಬರ್ಬೇಕು ಅಂತಿದ್ವಿ" ಎಂದು ಒಳಗಿನವರಿಗೆ ಕೇಳಿಸುವ ಹಾಗೆ ಹೇಳುತ್ತಾರೆ. ಬಾಗಿಲು ಸುಮ್ಮನಿದ್ದರೆ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗುತ್ತಾರೆ. ಹೀಗೆ ಮಾನ ಹೋಗಬಾರದೆಂದೇ ನಮ್ಮಲ್ಲಿ ಪ್ರತಿ ಮನೆಯ ಬಾಗಿಲ ಹಿಂದೆ ಒಂದು ಹೊಸ್ತಿಲ ಡಬ್ಬಿ ತೂಗುಹಾಕಿರುತ್ತಾರೆ. ಬರುವವರಿಗೆ ಪ್ರಿಯವಾದದ್ದು ಅದರಲ್ಲಿರುತ್ತದೆ. ಅಳಿಯನಿಗೆ ಗೋಡಂಬಿ, ಅತ್ತೆಗೆ ನಶ್ಯ. ಹೆಂಡತಿಯ ಮುಖ ನೆನೆದರೆ ತೆರೆಯದ ಬಾಗಿಲು ಗೋಡಂಬಿ ನೆನೆದರೆ ತೆರೆಯುತ್ತದೆ. ಯಾವುದಕ್ಕೆ ತೆರೆಯಿತು ಎಂದು ಕೇಳುವುದು ನಮ್ಮೂರಿನಲ್ಲಿ ಮರ್ಯಾದೆಯಲ್ಲ.

ಅದನ್ನು ಕೇಳುವುದೇ ನನ್ನ ನೌಕರಿ. ಹೆಸರು ಭಾಗೀರಥಿ. ಪುರಸಭೆಯ ಬಾಗಿಲು ವಿಭಾಗದಲ್ಲಿ ಹತ್ತೊಂಬತ್ತು ವರ್ಷದಿಂದ ಗುಮಾಸ್ತೆ. ದಾರಿಯಲ್ಲಿ ಹೋಗುವವನ ಆಸೆಗೆ ಯಾರದೋ ಮನೆಯ ಬಾಗಿಲು ತೆರೆದುಕೊಂಡರೆ ಆ ಮನೆಯವರು ನಮ್ಮಲ್ಲಿಗೆ ದೂರು ತರುತ್ತಾರೆ. ಪಕ್ಕದ ಮನೆಯ ಉಪ್ಪಿನಕಾಯಿ ಮೇಲೆ ಕಣ್ಣು ಹಾಕಿದವನು, ಎದುರುಮನೆಯ ಸೊಸೆಯ ಮೇಲೆ ಕಣ್ಣು ಹಾಕಿದವನು, ಎಲ್ಲರೂ ನನ್ನ ಮೇಜಿನ ಮುಂದೆ ಒಂದೇ ಥರ ತಲೆ ತಗ್ಗಿಸಿ ನಿಲ್ಲುತ್ತಾರೆ. ಎಚ್ಚರಿಕೆ ಕೊಟ್ಟು ಕಳಿಸುತ್ತೇವೆ. ಬುದ್ಧಿ ಕಲಿಯದವರಿಗೆ ಊರಾಚೆಯ ಗುಡ್ಡದ ಮೇಲೆ ಒಂದು ಮನೆ ಇದೆ. ಅದಕ್ಕೆ ಬಾಗಿಲೇ ಇಲ್ಲ. ಸೂರಿನಿಂದ ಏಣಿ ಇಳಿಬಿಟ್ಟು ಒಳಗೆ ಇಳಿಸಿ, ಏಣಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಾರೆ. ಜನ ಅದನ್ನು ಗೋಡೆ ಮನೆ ಅನ್ನುತ್ತಾರೆ. ನಮ್ಮ ಕಡತಗಳಲ್ಲಿ ಅದರ ಹೆಸರು ವಿಶ್ರಾಂತಿ ನಿಲಯ.

ನನ್ನ ತಮ್ಮ ಮಹಾಲಿಂಗ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ. ಅಪ್ಪ ಅಮ್ಮ ಹೋದಮೇಲೆ ಮನೆಯಲ್ಲಿ ನಾವಿಬ್ಬರೇ. ಅವನಿಗೆ ಇಪ್ಪತ್ತಾರು ತುಂಬಿದ ವರ್ಷ ಒಂದು ಬೆಳಿಗ್ಗೆ ಪೇಟೆಬೀದಿಯಲ್ಲಿ ನಡೆದುಕೊಂಡು ಹೋದ. ಅವನು ಹೋದ ಹಾಗೆ ಎರಡೂ ಕಡೆಯ ಮೂವತ್ತೆರಡು ಬಾಗಿಲುಗಳು ದಡದಡ ತೆರೆದುಕೊಂಡವು. ಸ್ನಾನಕ್ಕೆ ಕೂತವರು ಕೂತಹಾಗೇ ಸಿಕ್ಕಿಬಿದ್ದರು. ನಮ್ಮ ಎದುರುಮನೆಯ ತಿಮ್ಮಾಜಮ್ಮನವರು ಸತ್ತ ಗಂಡನ ಕೋಟು ತೊಟ್ಟು, ಕನ್ನಡಿಯ ಮುಂದೆ ನಿಂತು, ಗಂಡನ ದನಿಯಲ್ಲೇ ತಮ್ಮನ್ನು ತಾವು ಬೈದುಕೊಳ್ಳುತ್ತಿದ್ದದ್ದು ಬೀದಿಗೆಲ್ಲ ಕಂಡಿತು. ಆ ವಾರ ಬಂದ ಹದಿನಾಲ್ಕು ದೂರುಗಳಲ್ಲಿ ನಾಲ್ಕು ಅವರವೇ.

"ಎಲ್ಲಾ ನನ್ನನ್ನೇ ಕರೀತವೆ ಅಕ್ಕ," ಎಂದ ಮಹಾಲಿಂಗ. ಬೆಂಕಿಪೊಟ್ಟಣದ ಮೇಲಿನ ಚಿತ್ರ ಅವನಿಗೆ ಏನನ್ನೋ ಹೇಳುತ್ತಿತ್ತು. ಕಂಡಕ್ಟರನ ಅಂಗಿಯ ಕಿತ್ತುಹೋದ ಗುಂಡಿ ಅವನಿಗೊಂದು ಸೂಚನೆಯಾಗಿತ್ತು. ಕಾಗೆ ಎರಡು ಸಲ ಕೂಗಿದರೆ ಒಂದರ್ಥ, ಮೂರು ಸಲ ಕೂಗಿದರೆ ಇನ್ನೊಂದು. ಗೋಡೆಯೊಳಗಿಂದ ಯಾರೋ ಅವನ ಹೆಸರು ಹಿಡಿದು ಮಾತಾಡುತ್ತಿದ್ದರು. ಊರಿನವರು ಇವನದೇನು ದುರಾಸೆಯಪ್ಪಾ ಎಂದು ಬೆರಗಾದರು. ಆಸೆಯ ಸುಖ ಅವನ ಮುಖದಲ್ಲಿರಲಿಲ್ಲ. ಅವನು ನಿದ್ದೆ ಮಾಡುತ್ತಿರಲಿಲ್ಲ, ಉಣ್ಣುತ್ತಿರಲಿಲ್ಲ, ತೆರೆದ ಬಾಗಿಲುಗಳ ನಡುವೆ ನಿಂತು ಅಳುತ್ತಿದ್ದ. ನನಗೆ ಅವನನ್ನು ಕಂಡರೆ ಕರುಳು ಹಿಂಡುತ್ತಿತ್ತು. ಹೆದರಿಕೆಯೂ ಆಗುತ್ತಿತ್ತು. ನಾಚಿಕೆಯೂ ಆಗುತ್ತಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಪುರಸಭೆಯ ಅಧ್ಯಕ್ಷ ವೀರಭದ್ರಯ್ಯನವರು ನನ್ನ ಸರ್ವೀಸು ನೋಡಿ ದೊಡ್ಡ ಮನಸ್ಸು ಮಾಡಿದರು. "ಔಷಧಿ ಕೊಡ್ಸಿ ಭಾಗೀರಥಮ್ಮ. ಹಳೇದೆಲ್ಲ ಮಾಫಿ. ಆದ್ರೆ ಇನ್ಮೇಲೆ ಒಂದು, ಒಂದೇ ಒಂದು ಮನೆ ಬಾಗಿಲು ಅವನಿಗೆ ತೆಗೀತು ಅಂತ ನನ್ನ ಕಿವಿಗೆ ಬಿದ್ರೆ, ಗುಡ್ಡಕ್ಕೆ ಏಣಿ ಹೊರ್ಸೋದೇ," ಎಂದರು. ದೊಡ್ಡ ಮನಸ್ಸಿನ ಉದ್ದಗಲ ಅಷ್ಟಿತ್ತು.

ಜಿಲ್ಲಾ ಆಸ್ಪತ್ರೆಯಿಂದ ವಾರಕ್ಕೊಮ್ಮೆ ಬರುವ ಡಾಕ್ಟರ್ ನಫೀಸಾ ಅವನನ್ನು ನೋಡಿ ಸ್ಕಿಜೋಫ್ರೇನಿಯಾ ಎಂದರು, ಮಾತ್ರೆ ಬರೆದರು. ಆರನೆಯ ವಾರಕ್ಕೆ ಗೋಡೆಯೊಳಗಿನವರು ಮಾತು ನಿಲ್ಲಿಸಿದರು. ಕಾಗೆ ಬರೀ ಕಾಗೆಯಾಯಿತು. ಮಹಾಲಿಂಗ ಹೊಟ್ಟೆತುಂಬ ಉಂಡು ಹತ್ತು ಗಂಟೆ ನಿದ್ದೆ ಮಾಡಿ ಎದ್ದ ದಿನ ನಾನು ಅಡಿಗೆಮನೆಯಲ್ಲಿ ಒಬ್ಬಳೇ ಕೂತು ಅತ್ತೆ. ಪೇಟೆಬೀದಿಯಲ್ಲಿ ಅವನು ನಡೆದರೆ ಒಂದು ಬಾಗಿಲೂ ಕಿರ್ ಅನ್ನುತ್ತಿರಲಿಲ್ಲ. ಆ ಮಾತ್ರೆ ಅವನನ್ನು ನನಗೆ ವಾಪಸು ಕೊಟ್ಟಿತು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಕೇಳಿದವರು ಮಾತ್ರೆಯನ್ನೇ ಬೈಯಲು ಹೊರಡುತ್ತಾರೆ. ಬೈಯಬೇಕಾದದ್ದು ನನ್ನನ್ನು.

ಎರಡು ತಿಂಗಳಾದ ಮೇಲೆ ಒಂದು ದಿನ ನಾವಿಬ್ಬರೂ ಸಂತೆಗೆ ಹೋಗುತ್ತಿದ್ದಾಗ ವಾಚನಾಲಯದ ಬಾಗಿಲು ತೆರೆದುಕೊಂಡಿತು. ನನಗಂತೂ ವಾಚನಾಲಯದ ಆಸೆ ಯಾವತ್ತೂ ಇಲ್ಲ. ಅವನು ಒಳಗೆ ನೋಡಿ, "ಇವತ್ತಿನ್ ಪೇಪರ್ ಬಂದಿರ್ಬೋದಾ ಅಕ್ಕ?" ಎಂದ. ಕೇಳಿದ್ದು ಅಷ್ಟೇ. ಅದು ಸಾರ್ವಜನಿಕ ಕಟ್ಟಡ, ದೂರು ಕೊಡುವವರು ಯಾರೂ ಇಲ್ಲ. ಆದರೆ ಮತ್ತೆ ಶುರುವಾಯಿತು ಅಂದುಕೊಂಡೆ. ಅವನ ತೋಳು ಹಿಡಿದು ಮನೆಗೆ ಎಳೆದುತಂದೆ. ಆ ವಾರ ಡಾಕ್ಟರು ಬಂದಾಗ ಅವನನ್ನು ಹೊರಗೆ ಕೂರಿಸಿ, ದಿನಾ ಏಳೆಂಟು ಬಾಗಿಲು ತೆರೆಯುತ್ತಿವೆ ಎಂದು ಹೇಳಿದೆ. ಗೋಡೆಯ ಮಾತೂ ಕೇಳಿಸುತ್ತಿದೆಯಂತೆ ಎಂದೂ ಸೇರಿಸಿದೆ. ಸುಳ್ಳು ಹೇಳುವವಳು ಅರ್ಧಕ್ಕೆ ಯಾಕೆ ನಿಲ್ಲಬೇಕು? ಅವರು ಹುಬ್ಬು ಗಂಟಿಕ್ಕಿ ಡೋಸು ಏರಿಸಿದರು.

ಆಮೇಲಿನ ಎಂಟು ತಿಂಗಳು ಬಹಳ ನೆಮ್ಮದಿಯಾಗಿದ್ದವು. ನೆಮ್ಮದಿ ನನಗೆ, ಬೀದಿಗೆ, ಪುರಸಭೆಗೆ. ಮಹಾಲಿಂಗನನ್ನು ಯಾರೂ ಕೇಳಲಿಲ್ಲ. ಕುಳಿತುಕೋ ಅಂದರೆ ಕುಳಿತ, ಏಳು ಅಂದರೆ ಎದ್ದ. ಬ್ರಷ್ಷುಗಳು ಸೀಮೆಎಣ್ಣೆಯ ಡಬ್ಬದಲ್ಲೇ ಒಣಗಿದವು. ಹೊಸ್ತಿಲ ಡಬ್ಬಿಗೆ ಅವನ ಪ್ರಾಣವಾದ ಕೊಬ್ಬರಿ ಮಿಠಾಯಿ ತುಂಬಿಟ್ಟಿದ್ದೆ, ಅದು ಇರುವೆಗಳ ಪಾಲಾಯಿತು. ನಾನೇ ತೆಗೆದು ಬಾಯಿಗಿಟ್ಟರೆ ಮಾತ್ರ "ಚೆನ್ನಾಗಿದೆ" ಅನ್ನುತ್ತಿದ್ದ, ಮುಖವೂ ಅರಳುತ್ತಿತ್ತು. ಅಷ್ಟು ಸಾಕಲ್ಲ ಎಂದು ನಾನು ಸಮಾಧಾನಪಟ್ಟೆ. ಎಲ್ಲಿ ಹೋಗುವುದಿದ್ದರೂ ನಾನು ಮುಂದೆ, ಅವನು ಹಿಂದೆ. ಬಾಗಿಲು ನನ್ನ ಆಸೆಗೆ ತೆರೆಯುತ್ತಿತ್ತು, ಅವನು ನನ್ನ ಸೆರಗಿನ ಹಿಂದೆ ಒಳಗೆ ಬರುತ್ತಿದ್ದ. ಊರಿನ ಬಾಗಿಲುಗಳನ್ನೆಲ್ಲ ಪರೀಕ್ಷೆ ಮಾಡುವವಳು ನಾನು. ನಮ್ಮ ಮನೆಯ ಬಾಗಿಲು ಯಾರಿಗೆ ತೆರೆಯುತ್ತಿದೆ ಎಂದು ಒಂದು ದಿನವೂ ನೋಡಲಿಲ್ಲ.

ಅಷ್ಟರಲ್ಲಿ ಅಧ್ಯಕ್ಷರಿಗೆ ಒಂದು ಯೋಚನೆ ಹೊಳೆಯಿತು. ಎಂಟು ತಿಂಗಳು ಒಂದೇ ಒಂದು ಬಾಗಿಲನ್ನೂ ತೆರೆಯದ ಮನುಷ್ಯ ಈ ಊರಿನ ಚರಿತ್ರೆಯಲ್ಲೇ ಇಲ್ಲ, ಖುದ್ದು ಅಧ್ಯಕ್ಷರಿಗೂ ಆ ದಾಖಲೆ ಇಲ್ಲ. ಮಹಾಲಿಂಗನಿಗೆ 'ಆದರ್ಶ ನಾಗರಿಕ' ಎಂಬ ಬಿರುದು ಕೊಟ್ಟು ಸನ್ಮಾನ ಮಾಡುವುದೆಂದು ತೀರ್ಮಾನವಾಯಿತು. ನನಗೆ ಹೆಮ್ಮೆಯಾಯಿತು. ಹದಿನಾಲ್ಕು ದೂರುಗಳ ತಮ್ಮನಿಗೆ ಶಾಲು! ಮೂರು ದಿನ ಮುಂಚೆಯೇ ಅವನ ಅಂಗಿಗೆ ಇಸ್ತ್ರಿ ಮಾಡಿಟ್ಟೆ.

ಸಮಾರಂಭದ ದಿನ ಕುರ್ಚಿ ಹಾಕಿಸಲು, ಹೂಮಾಲೆ ನೋಡಿಕೊಳ್ಳಲು ನಾನು ಬೆಳಿಗ್ಗೆಯೇ ಹೋಗಬೇಕಿತ್ತು. "ಹತ್ತು ಗಂಟೆಗೆ ನೀನೇ ಬಂದ್ಬಿಡೋ," ಎಂದೆ. "ಹೂಂ," ಎಂದ. ಹತ್ತಕ್ಕೆ ಜನ ಸೇರಿದರು. ಸಭಾಂಗಣದ ಬಾಗಿಲು ಎಲ್ಲರಿಗೂ ತಟಕ್ಕನೆ ತೆರೆಯಿತು, ಒಳಗೆ ಹೋಳಿಗೆ ಊಟವಿತ್ತು. ಪ್ರಾರ್ಥನೆಯಾಯಿತು, ಸ್ವಾಗತವಾಯಿತು, ಅಧ್ಯಕ್ಷರು ಮುಕ್ಕಾಲು ಗಂಟೆ ಸಂಯಮದ ಬಗ್ಗೆ ಮಾತಾಡಿದರು. ಮಹಾಲಿಂಗನ ಹೆಸರು ಕರೆದರು. ಅವನಿಲ್ಲ. ಎರಡನೆಯ ಸಲ ಕರೆದಾಗ ಕಿಟಕಿಯ ಪಕ್ಕ ಕೂತಿದ್ದವರೊಬ್ಬರು, "ಇಲ್ಲೇ ಹೊರಗೆ ನಿಂತವ್ನೆ ಸ್ವಾಮಿ, ಬಾಗಿಲು ತೆಗೀತಿಲ್ಲ," ಎಂದರು.

ನಾನು ಒಳಗಿನಿಂದ ತೆರೆಯಲು ಓಡಿದೆ. ಅಧ್ಯಕ್ಷರು ಮೈಕಿನಲ್ಲೇ, "ತೆಗೀಬೇಡಿ ಭಾಗೀರಥಮ್ಮ! ಅಲ್ಲೇ ನಿಲ್ಲಿ!" ಎಂದು ಗುಡುಗಿದರು. ಆಮೇಲೆ ಸಭೆಯ ಕಡೆ ತಿರುಗಿ, "ನೋಡಿದ್ರಾ ಮಹಾಜನಗಳೇ? ತನ್ನ ಸನ್ಮಾನದ ಬಾಗಿಲೂ ಅವನಿಗೆ ತೆಗೀಲಿಲ್ಲ! ಶಾಲಿನ ಆಸೆ ಇಲ್ಲ, ಹಾರದ ಆಸೆ ಇಲ್ಲ, ಹೋಳಿಗೆ ಆಸೆನೂ ಇಲ್ಲ. ನಾವೆಲ್ಲ ಕಲೀಬೇಕಾದ್ದು ಇದನ್ನೇ!" ಎಂದರು. ಕಿವಿ ಗಡಚಿಕ್ಕುವ ಚಪ್ಪಾಳೆ. ಶಾಲನ್ನು ಸುರುಳಿ ಸುತ್ತಿ ಕಿಟಕಿಯ ಸರಳಿನ ಸಂದಿಯಿಂದ ಹೊರಗೆ ತಳ್ಳಿದರು. ಹಾರ ಸರಳಿಗೆ ಸಿಕ್ಕಿ ಅರ್ಧ ಹೂವು ಒಳಗೆ ಉದುರಿತು. ಸನ್ಮಾನ ಪತ್ರವನ್ನು ಕಿಟಕಿಯ ಕಡೆ ಮುಖಮಾಡಿ ಓದಿದರು. ಹೊರಗೆ ಬಿಸಿಲಲ್ಲಿ ನಿಂತ ನನ್ನ ತಮ್ಮ ಎಲ್ಲದಕ್ಕೂ ತಲೆಯಾಡಿಸಿದ. ಫೋಟೋ ತೆಗೆದವನು ಸರಳುಗಳು ಚೆನ್ನಾಗಿ ಬಂದಿವೆ ಎಂದ. ನಾನೂ ಚಪ್ಪಾಳೆ ತಟ್ಟಿದೆ.

ಊಟ ಮುಗಿದು, ಕುರ್ಚಿ ಎತ್ತಿಸಿ ನಾನು ಮನೆಗೆ ಬಂದಾಗ ಮೂರು ಗಂಟೆ. ಮಹಾಲಿಂಗ ಮನೆಯ ಮೆಟ್ಟಿಲ ಮೇಲೆ ಶಾಲು ಹೊದ್ದು ಕೂತಿದ್ದ. ಅವನ ಪಂಚೆ ಒದ್ದೆಯಾಗಿತ್ತು. ಬಚ್ಚಲು ಮನೆಯೊಳಗಿದೆ, ಬಾಗಿಲು ತೆರೆದಿರಲಿಲ್ಲ.

"ಯಾವಾಗಿಂದ ಹಿಂಗೆ ಮಾದು?" ಎಂದೆ.

"ಬಹಳ ದಿನ ಆಯ್ತು. ಎಂಟು ತಿಂಗಳೇನೋ."

"ಒಂದ್ ಮಾತು ಹೇಳ್ಬಾರ್ದಾಗಿತ್ತೇನೋ ನಂಗೆ?"

"ಹೇಳ್ಬೇಕು ಅನ್ನಿಸ್ಲಿಲ್ಲ ಅಕ್ಕ. ನೀನ್ ಹೆಂಗೂ ಬರ್ತೀಯಲ್ಲ ಅಂತ ಕೂತಿದ್ದೆ." ದೂರಿಲ್ಲ, ಕೋಪವಿಲ್ಲ. ಅವನು ಎರಡು ಮಾತು ಬೈದಿದ್ದರೆ ನನಗೆ ಬದುಕಿದಂತಾಗುತ್ತಿತ್ತು.

ಆ ವಾರ ಡಾಕ್ಟರ್ ನಫೀಸಾ ಅವರ ಮುಂದೆ ನಾನು ಹೇಳಿದ ಸುಳ್ಳನ್ನೆಲ್ಲ ಒಪ್ಪಿಕೊಂಡೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ನೆಗಡಿ ಬಂತು ಅಂತ ಮೂಗು ಕೊಯ್ಯೋದು ಅಂದ್ರೆ ಇದೇ ಭಾಗೀರಥಿಯವರೇ. ನೀವು ನನ್ನ ಕೈಲಿ ಡೋಸ್ ಏರಿಸಿದ್ದು ಅವನ ಕಾಯಿಲೆಗಾ, ಬೀದಿ ಕಾಯಿಲೆಗಾ?" ಎಂದರು. ಅವರಿಗೆ ನನ್ನ ಮೇಲೆ ಕೋಪವಿತ್ತು, ಆದರೂ ಬಿಡಿಸಿ ಹೇಳಿದರು. "ಮಿದುಳಲ್ಲಿ ಡೋಪಮೀನ್ ಅಂತ ಇದೆ. 'ಇದು ನಿಂಗೆ ಬೇಕಾದ್ದು, ಈ ಕಡೆ ಬಾ' ಅಂತ ಕರೆಯೋದರಲ್ಲಿ ಅದರ ಪಾತ್ರ ದೊಡ್ಡದು. ಇವನಿಗೆ ಅದು ಬೆಂಕಿಪೊಟ್ಟಣದಿಂದ, ಕಿತ್ತುಹೋದ ಗುಂಡಿಯಿಂದ, ಎಲ್ಲದರಿಂದ್ಲೂ ಕೂಗ್ತಾ ಇತ್ತು. ಮಾತ್ರೆ ಆ ಕೂಗು ತಗ್ಗಿಸುತ್ತೆ. ಆದ್ರೆ ಯಾವುದು ಸುಳ್ಳು ಕೂಗು, ಯಾವುದು ಊಟಕ್ಕೆ ಕರಿಯೋ ಕೂಗು ಅಂತ ಅದಕ್ಕೇನು ಗೊತ್ತು? ಜಾಸ್ತಿ ಕೊಟ್ರೆ ಎಲ್ಲಾನೂ ತಗ್ಗಿಸಿಬಿಡುತ್ತೆ."

"ಮಿಠಾಯಿ ಬಾಯಿಗಿಟ್ರೆ ಚೆನ್ನಾಗಿದೆ ಅಂತಾನಲ್ಲ ಮೇಡಮ್?"

"ಅಂತಾನೆ. ರುಚಿ ಹೋಗಿಲ್ಲ. ಎದ್ದು ಹೋಗಿ ತಗೊಳ್ಳೋ ಮನಸ್ಸು ಹೋಗಿದೆ. ಅವೆರಡೂ ಬೇರೆ ಬೇರೆ."

"ಹಂಗಾದ್ರೆ ಮಾತ್ರೆ ನಿಲ್ಲಿಸ್ಬಿಡ್ಲಾ?"

"ನಿಲ್ಸಿದ್ರೆ ಮತ್ತೆ ಮೂವತ್ತೆರಡು ಬಾಗಿಲು. ಮಾತ್ರೆ ಬೇಕು. ಎಷ್ಟು ಬೇಕೋ ಅಷ್ಟು. ಎಲ್ಲಾ ಮಾತ್ರೆದೇ ತಪ್ಪು ಅಂತಲೂ ಹೇಳಕ್ಕಾಗಲ್ಲ, ಆ ಕಾಯಿಲೆನೂ ಆಸೆ ತಿನ್ನುತ್ತೆ. ನಿಧಾನಕ್ಕೆ ಇಳಿಸ್ತಾ ನೋಡೋಣ. ಈ ಸಲ ಮಾತ್ರ ನಿಜ ಹೇಳಿ."

ಡೋಸು ಇಳಿಸತೊಡಗಿದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಸಂಜೆ ವಾಕಿಂಗ್ ಹೋಗಿ ಬಂದ ಮಹಾಲಿಂಗ ನಮ್ಮ ಬಾಗಿಲ ಮುಂದೆ ನಿಲ್ಲುವುದು, ನಾನು ದೂರದಿಂದ ನೋಡುವುದು ಎಂದಾಯಿತು. ನಾನು ಹತ್ತಿರವಿದ್ದರೆ ನನ್ನ ಆಸೆಗೇ ಬಾಗಿಲು ತೆರೆದುಬಿಡುತ್ತಿತ್ತು. ಆದ್ದರಿಂದ ರಸ್ತೆಯಾಚೆ ತಿಮ್ಮಾಜಮ್ಮನವರ ಜಗಲಿಯ ಮೇಲೆ ಹೋಗಿ ಕೂರಬೇಕಾಯಿತು. ನಾಲ್ಕು ದೂರು ಕೊಟ್ಟವರ ಜಗಲಿ. ಅವರು ಬೇಡವೆನ್ನಲಿಲ್ಲ. ಮೊದಲ ವಾರ ಕುತೂಹಲಕ್ಕೆ ಕೂತರು, ಎರಡನೆಯ ವಾರದಿಂದ ಹುರಿಗಡಲೆ ಹಿಡಿದುಕೊಂಡು ಕೂತರು. ಮಹಾಲಿಂಗ ಅರ್ಧ ಗಂಟೆ ನಿಲ್ಲುತ್ತಿದ್ದ, ಬಾಗಿಲು ಅಲುಗುತ್ತಿರಲಿಲ್ಲ, ನಾನು ಹೋಗಿ ಒಳಗೆ ಕರೆದುಕೊಳ್ಳುತ್ತಿದ್ದೆ. ಹೀಗೆ ಹತ್ತು ವಾರ. ಬೀದಿಯ ಜನ ಆದರ್ಶ ನಾಗರಿಕನಿಗೆ ನಮಸ್ಕಾರ ಹೇಳಿ ಹೋಗುತ್ತಿದ್ದರು.

ಹನ್ನೊಂದನೆಯ ವಾರದ ಗುರುವಾರ ಅವನು ರಸ್ತೆಯ ಮಧ್ಯೆ ನಿಂತ. ತಿಮ್ಮಾಜಮ್ಮನವರ ಮನೆಯೊಳಗೆ ರೇಡಿಯೋದಲ್ಲಿ ಯಾವುದೋ ಹಾಡು ಬರುತ್ತಿತ್ತು. ಅವನು ಕತ್ತು ವಾಲಿಸಿ ಕೇಳಿದ. ನಮ್ಮ ಬೆನ್ನ ಹಿಂದೆ ತಿಮ್ಮಾಜಮ್ಮನವರ ಬಾಗಿಲು ಗೇಣಗಲ ತೆರೆದುಕೊಂಡಿತು. ಹಾಡು ಜೋರಾಗಿ ಬೀದಿಗೆ ಬಂತು. ಅವನು ಚರಣ ಮುಗಿಯುವವರೆಗೂ ನಿಂತು ಕೇಳಿದ. ಆಮೇಲೆ ನಮ್ಮ ಮನೆಯ ಕಡೆ ತಿರುಗಿ ನಡೆದ. ನಮ್ಮ ಬಾಗಿಲು ಅವನು ಮೆಟ್ಟಿಲು ಹತ್ತುವ ಮೊದಲೇ ತೆರೆಯಿತು. ಒಳಗೆ ಹೋದ. ಬಾಗಿಲು ಮುಚ್ಚಿಕೊಂಡಿತು.

ಎದ್ದು ಕುಣಿಯಬೇಕಾದ ಗಳಿಗೆ ಅದು. ಆದರೆ ನಾನು ನೋಡುತ್ತಿದ್ದದ್ದು ನಮ್ಮ ಬೆನ್ನ ಹಿಂದಿನ ಬಾಗಿಲನ್ನು. ಒಂದೇ ಒಂದು, ಎಂದಿದ್ದರು ಅಧ್ಯಕ್ಷರು. "ಅಮ್ಮಾ, ಕಾಲಿಗೆ ಬೀಳ್ತೀನಿ, ದೂರು ಕೊಡ್ಬೇಡಿ," ಎಂದೆ.

ತಿಮ್ಮಾಜಮ್ಮನವರು ತಮ್ಮ ಬಾಗಿಲನ್ನೇ ನೋಡುತ್ತ ಕೂತಿದ್ದರು. "ನನ್ ಮಗಳು ಬಂದ್ರೂ ನಾನೇ ಒಳಗಿಂದ ಎದ್ದು ತೆಗೀಬೇಕು ಕಣೇ ಭಾಗಿ. ಅಳಿಯಂದಿರ ಮಾತಂತೂ ಬಿಡು. ಈ ಬಾಗಿಲು ತಾನಾಗಿ ತೆಗೆದಿದ್ದು ಅಂದ್ರೆ ನಿನ್ ತಮ್ಮಂಗೇ. ಆಗ ನಾಕು ದೂರು ಕೊಟ್ಟೆ, ಮುಠ್ಠಾಳಿ," ಎಂದರು. ಹುರಿಗಡಲೆಯ ಸಿಪ್ಪೆ ಊದಿ, "ಯಾರಾದ್ರೂ ಕೇಳಿದ್ರೆ ನಾನೇ ತೆಗೆದಿಟ್ಟಿದ್ದೆ ಅಂತೀನಿ. ಹೋಗು, ನಿನ್ ತಮ್ಮನ ಮುಖ ನೋಡ್ಹೋಗು," ಎಂದರು.

ರಸ್ತೆ ದಾಟುವಷ್ಟರಲ್ಲಿ ನನ್ನ ತಲೆ ಎಲ್ಲೆಲ್ಲೋ ಓಡಿತು. ಇವತ್ತು ಈ ಮುದುಕಿ ಸುಮ್ಮನಾದಳು, ನಾಳೆ ಇನ್ನೊಬ್ಬರು ಸುಮ್ಮನಿರುತ್ತಾರೆಯೇ? ಇವತ್ತು ಹಾಡು, ನಾಳೆ ಏನು ಬೇಕಾದೀತು ಇವನಿಗೆ? ಹಳೆಯ ಡೋಸಿನ ಮಾತ್ರೆಗಳು ನನ್ನ ಚೀಲದಲ್ಲೇ ಇದ್ದವು. ರಾತ್ರಿ ಊಟದ ಜೊತೆ ಒಂದು ಹೆಚ್ಚಿಗೆ ಕೊಟ್ಟರೆ ಡಾಕ್ಟರಿಗೇನೂ ಗೊತ್ತಾಗುವುದಿಲ್ಲ. ಹೀಗೆಲ್ಲ ಅಂದುಕೊಳ್ಳುತ್ತ ನಮ್ಮ ಮೆಟ್ಟಿಲು ಹತ್ತಿ ನಿಂತೆ.

ಬಾಗಿಲು ತೆರೆಯಲಿಲ್ಲ.

ಹುಟ್ಟಿ ಬೆಳೆದ ಮನೆ. ನಲವತ್ತು ವರ್ಷದಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ಹಿಂದಕ್ಕೆ ಹೋಗಿ ಮತ್ತೆ ಮುಂದೆ ಬಂದೆ. ಚಪ್ಪಲಿ ಸರಿಮಾಡಿಕೊಂಡೆ. ಒಳಗೆ ನಲ್ಲಿ ತಿರುಗಿಸಿದ ಸದ್ದು, ಪಾತ್ರೆಯ ಸದ್ದು, ಅದರ ಮಧ್ಯೆ ಅದೇ ಹಾಡನ್ನು ತಪ್ಪುತಪ್ಪಾಗಿ ಗುನುಗುವ ದನಿ. ಊರಿನವರನ್ನೆಲ್ಲ ಮೇಜಿನ ಮುಂದೆ ನಿಲ್ಲಿಸಿ ಕೇಳಿದ ಪ್ರಶ್ನೆಯನ್ನು ಈಗ ನನಗೆ ನಾನೇ ಕೇಳಿಕೊಳ್ಳಬೇಕಾಯಿತು. ಒಳಗಿದ್ದವನು ಬೇಕು ಬೇಡ ಇರುವ ಒಬ್ಬ ಮನುಷ್ಯ. ನನಗೆ ಬೇಕಾಗಿದ್ದವನು ಅವನಲ್ಲ. ನಾನು ಬಾಗಿಲು ಬಡಿದೆ.

"ಯಾರು?"

"ನಾನು ಕಣೋ. ಅಕ್ಕ."

ಗುನುಗು ನಿಂತಿತು. ಹೆಜ್ಜೆಯ ಸದ್ದು ಬಾಗಿಲ ಹಿಂದೆ ಬಂದು ನಿಂತಿತು. "ತೆಗೀತಾ ಇಲ್ವಾ ನಿಂಗೆ?" ಎಂದ.

"ಇಲ್ಲ ಕಣೋ. ಒಳಗಿಂದ ಒಂಚೂರು ತಳ್ಳು."

ಅವನು ತಳ್ಳಲಿಲ್ಲ. ಮೆಲ್ಲಗೆ, ಆದರೆ ಒಂದೊಂದು ಮಾತನ್ನೂ ಸ್ಪಷ್ಟವಾಗಿ ಹೇಳಿದ. "ನಾನು ತೆಗೆಯಲ್ಲ ಅಕ್ಕ. ನಿಂಗೆ ಬರ್ಬೇಕು ಅನ್ಸಿ ನೀನೇ ಬರ್ಬೇಕು. ಅದು ನಂಗೆ ಬೇಕು."

ಹತ್ತು ತಿಂಗಳಲ್ಲಿ ಅವನು ಬಾಯಿಬಿಟ್ಟು ಬೇಕು ಅಂದದ್ದು ಅದೊಂದನ್ನೇ. ನಾನು ಮಾತ್ರೆಯ ಚೀಲವನ್ನು ಎದೆಗೆ ಅವುಚಿಕೊಂಡು ಬಾಗಿಲ ಮುಂದೆ ನಿಂತೇ ಇದ್ದೆ.